ಆರಾಮ ಅದೀನ್ರಿ, ಸಾಹೇಬ್ರ

ನಬೀಸಾಬನಿಗೆ ಇದ್ದದ್ದು ಒಂದೇ ಚಟ. ಬೀಡಿಯಲ್ಲ, ಎಲೆಯಡಿಕೆಯಲ್ಲ, ಮಟ್ಕಾ ಅಂತೂ ಅಲ್ಲವೇ ಅಲ್ಲ. ಯಾರಾದರೂ ‘ಹೆಂಗದೀರಿ?’ ಅಂತ ಕೇಳಿದರೆ ಸಾಕು, ‘ಆರಾಮ ಅದೀನ್ರಿ’ ಅನ್ನುವುದು. ಜ್ವರದಲ್ಲಿ ಗಡಗಡ ನಡುಗುತ್ತಿದ್ದರೂ ಆರಾಮ, ಡಬ್ಬಿಯಲ್ಲಿ ಜೋಳದ ಹಿಟ್ಟು ತಳ ಕಂಡಿದ್ದರೂ ಆರಾಮ. ಒಂದು ಮಳೆಗಾಲದಲ್ಲಿ ಧಾರಾವಿಯ ಅವನ ಒಂಟಿಕೋಣೆ ಖೋಲಿಯ ತಗಡೇ ಹಾರಿಹೋಗಿ, ಗಂಡ ಹೆಂಡತಿ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಾಗ, ಪಕ್ಕದ ಖೋಲಿಯ ಶರೀಫ ಕೂಗಿ ಕೇಳಿದ್ದಕ್ಕೂ ಹಾಳೆಯ ಒಳಗಿಂದ ಬಂದದ್ದು ಅದೇ ಉತ್ತರ. ವಿಜಾಪುರ ಸೀಮೆಯವರೆಲ್ಲ ಹಾಗೇ ಅನ್ನುತ್ತಾರಪ್ಪ, ಇದರಲ್ಲೇನು ವಿಶೇಷ ಅನ್ನಬೇಡಿ. ಉಳಿದವರದು ಬಾಯಿಮಾತು. ಇವನು ಅದನ್ನು ನಮಾಜಿನಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದ. ಅಲ್ಲಾ ಕೊಟ್ಟದ್ದರ ಬಗ್ಗೆ ದೂರು ಹೇಳುವುದೆಂದರೆ ಉಂಡ ಮನೆಯಲ್ಲಿ ಕೂತು ಉಪ್ಪು ಕಡಿಮೆ ಅಂದ ಹಾಗೆ ಅಂತ ಅವನ ಅಬ್ಬಾ ಚಿಕ್ಕಂದಿನಲ್ಲೇ ಕಿವಿ ಹಿಂಡಿ ಕಲಿಸಿದ್ದ.

ಕಾಂದಿವಲಿಯ ಡಬ್ಬಿ ಕಾರ್ಖಾನೆಯಲ್ಲಿ ಪ್ರೆಸ್ ಮಷೀನು ಬಂದು ಅವನ ಬಲಗೈ ಮೇಲೆ ಕೂತ ದಿನವೂ ಹಾಗೇ ಆಯಿತು. ಫೋರಮನ್ ಓಡಿ ಬಂದು ‘ಹೆಂಗದೀಯೋ?’ ಅಂತ ಕಿರುಚಿದ. ನಬೀಸಾಬ ‘ಆರಾಮ’ ಅಂದು, ಅಂದ ಕೂಡಲೇ ಮೂರ್ಛೆ ಹೋದ.

ಡಾಕ್ಟರರು ಕೈ ಉಳಿಸಿದರು, ಪುಣ್ಯವಂತರು. ಐದೂ ಬೆರಳು ಇದ್ದಲ್ಲೇ ಇದ್ದವು. ಆದರೆ ಒಂದೂ ಮಡಚುತ್ತಿರಲಿಲ್ಲ; ಹಲಗೆಯ ಹಾಗೆ ಸೆಟೆದು ನಿಂತಿದ್ದವು. ಪ್ರೆಸ್ಸಿಗೆ ತಗಡು ಹಿಡಿದು ಕೊಡಲಾರದ ಕೈ ನಮಗೆ ಯಾತಕ್ಕೆ ಅಂತ ಕಾರ್ಖಾನೆಯವರು ತಮ್ಮ ಕೈ ತೊಳೆದುಕೊಂಡರು. ಇಂಥವರಿಗಾಗಿಯೇ ಸರ್ಕಾರದ ಕಾರ್ಮಿಕ ವಿಮೆಯಿಂದ ತಿಂಗಳು ತಿಂಗಳು ಪಿಂಚಣಿ ಸಿಗುವುದುಂಟು. ಅದಕ್ಕೆ ಮೆಡಿಕಲ್ ಬೋರ್ಡಿನ ಮುಂದೆ ನಿಂತು, ಈ ಕೈ ಇನ್ನು ದುಡಿಯುವುದಿಲ್ಲ ಅಂತ ತೋರಿಸಬೇಕು. ಅದು ಸಿಗದೆ ಹೋದರೆ ಖೋಲಿ ಬಿಟ್ಟು ಊರಿಗೆ ಹೋಗಿ ಅಣ್ಣನ ಪಡಸಾಲೆಯಲ್ಲಿ ಬಿದ್ದುಕೊಳ್ಳುವುದೊಂದೇ ದಾರಿ. ಆ ಅಣ್ಣನ ಹೆಂಡತಿಯ ನಾಲಗೆ ಎಂಥದ್ದೆಂದು ಸುತ್ತಲಿನ ಏಳೂರಿಗೂ ಗೊತ್ತು.

“ವಿಷಾ ಬೇಕಾದ್ರ ಕುಡೀತೀನಿ, ಆಕಿ ಹೊಸ್ತಿಲಾ ತುಳಿಯಂಗಿಲ್ಲ,” ಅಂದಿದ್ದಳು ನಬೀಸಾಬನ ಹೆಂಡತಿ ಹಜರತಬಿ. ಅವಳು ಅಂದರೆ ಅಂದಂತೆಯೇ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡೇ ನಬೀಸಾಬ ಬೋರ್ಡಿನ ಮುಂದೆ ಹೋದ. ಒಳಗೆ ಕಾಲಿಡುತ್ತಲೇ ಸಲಾಮು ಹೊಡೆದ. ಮಡಚದ ಬೆರಳಿನಿಂದ ಸಲಾಮು ಅದೆಷ್ಟು ಚೆನ್ನಾಗಿ ಬರುತ್ತದೆ ಅಂದರೆ, ಪೊಲೀಸ್ ಪರೇಡಿನಲ್ಲೂ ಅಂಥದ್ದನ್ನು ಯಾರೂ ನೋಡಿರಲಿಕ್ಕಿಲ್ಲ. ಡಾಕ್ಟರರಿಗೆ ಬಹಳ ಖುಷಿಯಾಯಿತು. ಕೈ ಹೇಗಿದೆ ಅಂತ ಕೇಳಿದರು. ಆರಾಮ ಅಂದ. ಏನಾದರೂ ತೊಂದರೆ? ಅಲ್ಲಾನ ದಯೆ, ಏನಿಲ್ಲ ಅಂದ. ತಿಂಗಳು ತುಂಬುವುದರೊಳಗೆ ಕಾಗದ ಬಂತು: ಕೈ ವಾಸಿಯಾಗಿದೆ, ಕಾಯಂ ನಷ್ಟವೇನೂ ಇಲ್ಲ, ಪಿಂಚಣಿಯೂ ಇಲ್ಲ.

ಹಜರತಬಿ ಆ ಕಾಗದವನ್ನೂ ಗಂಡನನ್ನೂ ಹಿಡಿದುಕೊಂಡು ಸಯನ್ನಿನ ವಕೀಲ ಚನ್ನಬಸಯ್ಯನವರ ಮನೆಯ ಮೆಟ್ಟಿಲು ಹತ್ತಿದಳು.

ಚನ್ನಬಸಯ್ಯನವರು ಧಾರವಾಡದವರು. ಮಾಲೀಕ–ಬಾಡಿಗೆದಾರರ ಜಗಳದಲ್ಲಿ ತಲೆ ಹಣ್ಣು ಮಾಡಿಕೊಂಡವರು. ವಿಮೆಯ ಖಟ್ಲೆ ಅವರಿಗೂ ಹೊಸದು, ಆದರೆ ಹಾಗಂತ ಬಾಯಿಬಿಡಲಿಲ್ಲ. ಯಾವ ವಕೀಲ ಬಿಟ್ಟಾನು? ಕನ್ನಡಕ ಏರಿಸಿ ಕಾಗದ ಓದಿದರು. ಕನ್ನಡಕ ಇಳಿಸಿ ನಬೀಸಾಬನ ಕೈ ನೋಡಿದರು. ಮತ್ತೆ ಏರಿಸಿ ಓದಿದರು.

“ಬೋರ್ಡಿನ್ಯಾಗ ಏನ್ ಕೇಳಿದ್ರು?”

“ಕೈ ಹೆಂಗದ ಅಂತ ಕೇಳಿದ್ರಿ, ಅಯ್ಯಾರ.”

“ನೀವ್ ಏನಂದ್ರಿ?”

“ಆರಾಮ ಅದ ಅಂದ್ನಿರಿ.”

“ಯಾಕ್ ಅಂದ್ರಿ?”

ನಬೀಸಾಬನಿಗೆ ಪ್ರಶ್ನೆಯೇ ತಿಳಿಯಲಿಲ್ಲ. “ಮತ್ತೇನ್ ಅನ್ಬೇಕ್ರಿ? ಅಷ್ಟು ದೊಡ್ಡ ಮಂದಿ, ಅಕ್ಕರತೀಲೆ ಕೇಳ್ಯಾರ…”

“ಅಕ್ಕರತಿ ಅಲ್ಲೋ ಮಾರಾಯಾ, ಅದು ಜಬಾನಿ! ಸಾಕ್ಷಿ! ನಿನ್ನ ಬಾಯಿಲೇ ನಿನ್ನ ಖಟ್ಲೆ ಕೆಡವಿ ಬಂದಿ!” ವಕೀಲರು ಮೇಜು ಗುದ್ದಿ ಎದ್ದರು. ಏಳಬಾರದಿತ್ತು. ಅವರಿಗೆ ವರ್ಷಗಳ ನಡುನೋವು. ಅರ್ಧ ಏಳುವಷ್ಟರಲ್ಲೇ ನಡು ಹಿಡಿದುಕೊಂಡಿತು, “ಶಿವನೇ, ನನ್ನಪ್ಪಾ!” ಅಂತ ಅರಚಿ ಮೇಜಿನ ಮೇಲೆ ವಾಲಿದರು. ಅರಚಾಟ ಕೇಳಿ ಎದುರು ಗ್ಯಾಲರಿಯಿಂದ ನೆರೆಮನೆಯ ಖಂಡಪ್ಪ ಇಣುಕಿದ. “ವಕೀಲ್ರ, ನಡಾ ಹೆಂಗೈತ್ರಿ?”

“ಆರಾಮ, ಆರಾಮ!” ಅಂದರು ಚನ್ನಬಸಯ್ಯನವರು, ಮೇಜಿನ ಮೇಲೆ ಮಲಗಿಕೊಂಡೇ.

ನಬೀಸಾಬ ಮರ್ಯಾದಸ್ಥ, ನೆಲ ನೋಡುತ್ತ ನಿಂತ. ಹಜರತಬಿಗೆ ಅಷ್ಟು ಮರ್ಯಾದೆ ಎಲ್ಲಿಂದ ಬರಬೇಕು? ಬಾಯಿಗೆ ಸೆರಗು ತುರುಕಿಕೊಂಡರೂ ನಗು ಮೂಗಿನಿಂದ ಬಂತು. ವಕೀಲರು ನಿಧಾನವಾಗಿ ಕುರ್ಚಿಗಿಳಿದು, “ಅಪೀಲು ಹಾಕಾಕತ್ತಾವ್ರು ನೀವು, ನಾ ಅಲ್ಲ,” ಅಂದರು. ಆಮೇಲೆ ದನಿ ತಗ್ಗಿಸಿ ಉಪದೇಶ ಮಾಡಿದರು. “ನೋಡ್ರಿ ಸಾಬ್ರ, ಕಾಯ್ದೆ ನಾ ನೋಡ್ಕೋತೀನಿ. ನೀವು ನಾಲಗಿ ನೋಡ್ಕೋರಿ. ಇವತ್ತಿಂದ ಯಾರ್ ಕೇಳಿದ್ರೂ ‘ಭಾಳ ತ್ರಾಸ ಐತಿ’ ಅನ್ನೂದು. ಸುಳ್ಳ ಹೇಳು ಅನ್ನಾಕತ್ತಿಲ್ಲ. ಖರೇನ ತ್ರಾಸ ಐತಿ ಹೌದಲ್ಲೋ? ಬಾಯಿಗೆ ರೂಢಿ ಆಗ್ಲಿ.”

ಮರುದಿನ ಬೆಳಿಗ್ಗೆ ಚಹಾದ ಗಾಡಿಯ ಹತ್ತಿರ ಶರೀಫ ಸಿಕ್ಕ. “ಕ್ಯಾ ನಬೀಭಾಯ್, ಹೆಂಗದಿ?” ಅಂದ, ದಿನದ ಹಾಗೆ. ನಬೀಸಾಬ ಅಬ್ಬಾನನ್ನು ನೆನೆದು ಮನಸ್ಸಿನಲ್ಲೇ ಕ್ಷಮೆ ಕೇಳಿದ. “ಭಾಳ ತ್ರಾಸ ಐತಿ, ಶರೀಫ,” ಅಂದ.

ಶರೀಫನ ಕೈಯಲ್ಲಿದ್ದ ಗ್ಲಾಸು ಕೆಳಗೆ ಬಿತ್ತು.

ಯೋಚಿಸಿ ನೋಡಿ: ತಗಡು ಹಾರಿದಾಗ ಆರಾಮ ಅಂದವನು, ಮಷೀನು ಕೈ ಜಜ್ಜಿದಾಗ ಆರಾಮ ಅಂದವನು, ಈಗ ತ್ರಾಸ ಅಂದರೆ ಅರ್ಥ ಏನು? ಮೇಲಿನಿಂದ ಕರೆ ಬಂದಿದೆ ಅಂತಲೇ ಅರ್ಥ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಚರ್ಮದ ಗೋದಾಮು ದಾಟಿ ಆಚೆ ಗಲ್ಲಿಗೆ ಹೋಗಿತ್ತು. ಸಂಜೆಗೆ ಖೋಲಿಯ ಮುಂದೆ ಚಪ್ಪಲಿಯ ರಾಶಿ. ಆಚೆ ಗಲ್ಲಿಯ ಅಜೀಜಾಬಿ, ಹಜ್‌ನಿಂದ ಯಾರೋ ತಂದಿದ್ದ ಪವಿತ್ರ ನೀರಿನ ಪುಟ್ಟ ಬಾಟಲಿ ಹಿಡಿದು ಬಂದಳು. ಮುದುಕ ಅಲ್ಲಾವುದ್ದೀನ ಯಾರಿಗೂ ಹೇಳದೆ ಕೇಳದೆ ಒಂದು ಮೂಲೆ ಹಿಡಿದು, ಸಾಯುವವರ ತಲೆದೆಸೆಯಲ್ಲಿ ಓದುವ ಅಧ್ಯಾಯವನ್ನು ಓದಲು ಶುರುಮಾಡಿಯೇಬಿಟ್ಟ. ನಬೀಸಾಬ ತನ್ನ ಖೋಲಿಯ ನಡುವೆ ತಾನೇ ಜಾಗವಿಲ್ಲದೆ ನಿಂತಿದ್ದ.

ಅವರಲ್ಲಿ ಒಂದು ಪದ್ಧತಿ. ಹೋಗುವವನು ಹೋಗುವ ಮೊದಲು ಉಳಿದವರು ಬಂದು ‘ಕಹಾ ಸುನಾ ಮಾಫ್’ ಅನ್ನಬೇಕು: ಅಂದದ್ದು ಆಡಿದ್ದು ಮಾಡಿದ್ದು ಎಲ್ಲ ಕ್ಷಮಿಸು ಅಂತ. ಲೆಕ್ಕ ಇಲ್ಲೇ ಚುಕ್ತಾ ಆಗಲಿ ಅಂತ. ಎಲ್ಲರೂ ಸಾಲಾಗಿ ಬಂದು ಅಂದು ಹೋದರು. ಕೊನೆಗೆ ಶರೀಫ ಬಂದು ಕಾಲು ಹಿಡಿದುಕೊಂಡು ಭೋರೆಂದು ಅತ್ತ.

“ಮಾಫ್ ಕರೋ ಭಾಯ್! ಹ್ವಾದ ವರ್ಷ ನಿಮ್ಮ ಹುಂಜಾ ಕಳದಿತ್ತಲ್ಲ, ನಾನಽ ಕೊಯ್ಕೊಂಡು ತಿಂದೆ. ಎದುರಿನ ಸೋಮವ್ವನ ಬಾಗಲಾಗ ಪುಕ್ಕಾ ಒಗದಾಂವಾ ಸುದ್ದಾ ನಾನಽ!”

ಮಂದಿ ಅಳುವುದು ಕಂಡು ತಾನೂ ಅಳಲು ಶುರುಮಾಡಿದ್ದ ಹಜರತಬಿ ತಟ್ಟನೆ ಅಳು ನಿಲ್ಲಿಸಿದಳು. ಆ ಹುಂಜದ ಸಲುವಾಗಿ ಸೋಮವ್ವನ ಜೊತೆ ನೀರಿನ ನಲ್ಲಿಯಲ್ಲಿ ವರ್ಷಪೂರ್ತಿ ಜಗಳವಾಡಿದ್ದಳು, ಪಾಪ.

“ನಾ ಸಾಯಾಕತ್ತಿಲ್ರೋ!” ಅಂತ ನಬೀಸಾಬ ಕೂಗಿದ.

“ಹಂಗಾರ ಹೆಂಗದೀರಿ?” ಅಂತ ಇಡೀ ಖೋಲಿ ಒಂದೇ ಸಲ ಕೇಳಿತು.

“ಆರಾಮ ಅದೀನಿ!”

ಎಲ್ಲರೂ ದೇವರಿಗೆ ಕೈಯೆತ್ತಿ, ಚಪ್ಪಲಿ ಹುಡುಕಿಕೊಂಡು, ಸಂತೋಷವಾಗಿ ಮನೆಗೆ ಹೋದರು. ಶರೀಫನಿಗೆ ಮಾತ್ರ ಹೋಗಲಿಕ್ಕೆ ಆಗಲಿಲ್ಲ, ಯಾಕೆಂದರೆ ಬಾಗಿಲಲ್ಲಿ ಹಜರತಬಿ ಪೊರಕೆ ಹಿಡಿದು ನಿಂತಿದ್ದಳು. ಸಂಗತಿ ಕೇಳಿ ಚನ್ನಬಸಯ್ಯನವರು ಹಣೆ ಹಣೆ ಚಚ್ಚಿಕೊಂಡು, ಅಭ್ಯಾಸ ಸಾಕು, ಅಪೀಲಿನ ದಿನ ಒಂದೇ ಒಂದು ಸಲ ಅಂದರೆ ಸಾಕು ಅಂದರು.

ಅಪೀಲಿನ ದಿನ ಬಂತು. ಬೆಳಿಗ್ಗೆ ಹಜರತಬಿ ಗಂಡನ ಪಾಯಜಾಮದ ಲಾಡಿಯನ್ನು ಎಂದಿಗಿಂತ ಜೋರಾಗಿ ಬಿಗಿದಳು. ದೊಡ್ಡವರ ಮುಂದೆ ಸಡಿಲಾಗಬಾರದಲ್ಲ! ಈ ಲಾಡಿಯ ಸಂಗತಿ ಗಂಡ ಹೆಂಡತಿ ಇಬ್ಬರಿಗೇ ಗೊತ್ತು. ನಬೀಸಾಬ ಅದನ್ನು ಸ್ವತಃ ಕಟ್ಟಲಾರ, ಬಿಚ್ಚಲಾರ. ಅದಕ್ಕೇ ಮನೆಯಿಂದ ಹೊರಗೆ ಹೋದ ದಿನ ಹನಿ ನೀರು ಕೂಡ ಬಾಯಿಗೆ ಹಾಕುತ್ತಿರಲಿಲ್ಲ. ವಕೀಲರಿಗೆ ಹೇಳೋಣ ಅಂತ ಹಜರತಬಿ ಅಂದಾಗ, ನನ್ನ ಮಾನ ತೆಗೀಬ್ಯಾಡ ಅಂತ ಹಲ್ಲು ಕಚ್ಚಿದ್ದ.

ಆ ಕಚೇರಿಯ ಜವಾನ ಮೋನಪ್ಪ ಮಂಗಳೂರು ಕಡೆಯವನು. ಬೆಂಚಿನ ಮೇಲೆ ಕೂತವರು ಕನ್ನಡ ಆಡುವುದು ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು. “ನಮ್ಮೋರಾ? ಚಾ ಕುಡೀರಿ ಮಾರಾಯ್ರೆ!” ಅಂತ ತಾನೇ ತಂದುಕೊಟ್ಟ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ಕುಡಿದ. ಹೊತ್ತಾಯಿತು, ಕರೆಯಲಿಲ್ಲ. ಮೋನಪ್ಪ ಇನ್ನೊಂದು ತಂದ. ಅದನ್ನೂ ಕುಡಿದ. ಹೋಗಲಿ ನೀರಾದರೂ ಕುಡಿ ಅಂತ ಹೂಜಿಯ ನೀರು ಕೊಟ್ಟ. ಅದೂ ಹೋಯಿತು. ಹಜರತಬಿ ಕಣ್ಣು ಕೆಕ್ಕರಿಸಿದಳು. ಏನು ಮಾಡುವುದು, ಮರ್ಯಾದೆ ಮರ್ಯಾದೆಯೇ.

ಒಳಗೆ ಕರೆ ಬರುವಷ್ಟರಲ್ಲಿ ನಬೀಸಾಬನಿಗೆ ಬೇರೊಂದು ಕರೆ ಬಂದಾಗಿತ್ತು. ಆದರೂ ಹೋದ, ಪಕ್ಕದಲ್ಲಿ ವಕೀಲರು. ಮೂವರು ಕೂತಿದ್ದರು. ನಡುವಿನವರು ಬಿಳಿಗೂದಲಿನ ಡಾಕ್ಟರು, ಸೊಲ್ಲಾಪುರದಲ್ಲಿ ಬಹಳ ವರ್ಷ ಇದ್ದವರಂತೆ, ಕನ್ನಡ ಚೆನ್ನಾಗಿ ಆಡುತ್ತಿದ್ದರು. ಅದೇ ಮುಳುವಾಯಿತು.

“ಬರ್ರಿ ಸಾಬ್ರ, ಬರ್ರಿ. ಹೆಂಗದೀರಿ?”

ಚನ್ನಬಸಯ್ಯನವರು ಕೆಮ್ಮಿದರು. ನಬೀಸಾಬ ‘ತ್ರಾಸ’ ಅನ್ನಲು ಬಾಯಿ ತೆರೆದ, ಆಣೆ ಮಾಡಿ ಹೇಳುತ್ತೇನೆ, ತೆರೆದ. ಆದರೆ ಆ ಹಿರಿಯರು ಊರಿನ ಚಾಚಾನಂತೆ ಕಕ್ಕುಲಾತಿಯಿಂದ ನೋಡುತ್ತಿದ್ದರಲ್ಲ!

“ಆರಾಮ ಅದೀನ್ರಿ, ಸಾಹೇಬ್ರ. ನೀವು?”

“ನಾನೂ ಆರಾಮ.” ಡಾಕ್ಟರು ನಕ್ಕರು. “ಕೈ?”

“ಅದೂ ಆರಾಮ್ರಿ.”

ವಕೀಲರು ಕಣ್ಣು ಮುಚ್ಚಿಕೊಂಡರು. ಡಾಕ್ಟರು ಪೆನ್ನು ಎತ್ತಿಕೊಂಡರು. ನಬೀಸಾಬ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ, ಅದರಿಂದ ಮತ್ತೆ ಇದಕ್ಕೆ ಬದಲಾಯಿಸತೊಡಗಿದ.

“ಯಾಕ್ರಿ ಕುಣೀಲಿಕ್ಕತ್ತೀರಿ?”

“ಏನಿಲ್ರಿ. ಆರಾಮ.” ಹಣೆಯಲ್ಲಿ ಬೆವರು. ಆಮೇಲೆ ಇನ್ನು ತಡೆಯಲಾರದೆ ಕಿರುಬೆರಳೆತ್ತಲು ನೋಡಿದ. ಅದೂ ಒಂಟಿಯಾಗಿ ಏಳಲಿಲ್ಲ, ಐದೂ ಬೆರಳು ಒಟ್ಟಿಗೇ ಎದ್ದವು. ಎಡಗೈಯದನ್ನು ಎತ್ತಿ ಓಡಿದ.

ಪಾಯಖಾನೆಯಲ್ಲಿ ನಿಂತು ಎಡಗೈಯಿಂದ ಲಾಡಿ ಜಗ್ಗಿದ. ಗಂಟು ಇನ್ನಷ್ಟು ಬಿಗಿಯಿತು. ಹಜರತಬಿಯನ್ನು ಗಂಡಸರ ಪಾಯಖಾನೆಗೆ ಕರೆಯುವಂತಿಲ್ಲ. ಬಾಗಿಲ ಹೊರಗೆ ವಕೀಲರು ಗೊಣಗುತ್ತಿದ್ದರು, ಮುಗೀತು, ಖಟ್ಲೆ ಮುಗೀತು ಅಂತ. ನಬೀಸಾಬ ಬಾಗಿಲು ತೆರೆದ. ಹೆಂಡತಿಯನ್ನು ಬಿಟ್ಟರೆ ಯಾರ ಮುಂದೆಯೂ ಆಡದ ಮಾತು, ಕಡೆಗೂ ಹೊರಗೆ ಬಂತು.

“ಅಯ್ಯಾರ… ನನ್ನ ಕಡಿಂದ ಆಗವಲ್ದ್ರಿ. ಲಾಡಿ ಬಿಚ್ಚರಿ.”

ಚನ್ನಬಸಯ್ಯನವರು ಕರಿಕೋಟು ಹಿಂದಕ್ಕೆ ತಳ್ಳಿ ಮೊಣಕಾಲೂರಿ ಕೂತೇಬಿಟ್ಟರು. ಉಗುರು ಹಾಕಿದರು, ಬೀಗದ ಕೈ ಹಾಕಿದರು, ಹಜರತಬಿಯ ಗಂಟು ಜಪ್ಪಯ್ಯ ಅನ್ನಲಿಲ್ಲ. ಜೋರಾಗಿ ಜಗ್ಗಿದಾಗ ಅವರ ನಡುವೇ ಕಟಕ್ ಅಂದು ಹಿಡಿದುಕೊಂಡಿತು. ಈಗ ಇವರು ಏಳಲಾರರು, ಅವನು ನಿಲ್ಲಲಾರ. ಸರಿಯಾಗಿ ಅದೇ ಹೊತ್ತಿಗೆ ಬಿಳಿಗೂದಲಿನ ಡಾಕ್ಟರು ಕೈತೊಳೆಯಲು ಒಳಗೆ ಬಂದರು.

ಬಗ್ಗಿ ನೋಡಿದರು. “ವಕೀಲ್ರ, ಇದು ಯಾವ ಕಲಮಿನ ಪ್ರಕಾರ?”

“ಸಾಹೇಬ್ರ, ಮೊದಲ ಕತ್ತರಿ ತರಸ್ರಿ!” ಅಂತ ನರಳಿದರು ಚನ್ನಬಸಯ್ಯನವರು. “ಕಲಮು ಆಮ್ಯಾಲೆ ಹೇಳ್ತೀನಿ!”

ಮೋನಪ್ಪ ಕತ್ತರಿ ತಂದ. ಡಾಕ್ಟರೇ ಲಾಡಿ ಕತ್ತರಿಸಿದರು. ಅಲ್ಹಮ್ದುಲಿಲ್ಲಾ, ನಬೀಸಾಬ ಗೆದ್ದ. ಆ ಕ್ಷಣಕ್ಕೆ ಪಿಂಚಣಿ ಯಾರಿಗೆ ಬೇಕಾಗಿತ್ತು?

ಮತ್ತೆ ಒಳಗೆ ಹೋದಾಗ ಅವನು ಎಡಗೈಯಿಂದ ಪಾಯಜಾಮಾ ಹಿಡಿದುಕೊಂಡಿದ್ದ, ವಕೀಲರು ಗೋಡೆ ಹಿಡಿದುಕೊಂಡಿದ್ದರು. ಡಾಕ್ಟರು ಪೆನ್ನನ್ನು ಪಕ್ಕಕ್ಕಿಟ್ಟರು.

“ಸಾಬ್ರ, ಹೆಂಗದೀರಿ ಅಂತ ನಾ ಇನ್ನ ಕೇಳಂಗಿಲ್ಲ. ಮುಂಜಾನೆ ಎದ್ದು ಏನೇನ್ ಮಾಡ್ತೀರಿ, ಅಷ್ಟ ಹೇಳ್ರಿ.”

ಈ ಪ್ರಶ್ನೆಯನ್ನು ಅವನಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಇದಕ್ಕೆ ‘ಆರಾಮ’ ಅಂದರೆ ಉತ್ತರವಾಗುವಂತಿರಲಿಲ್ಲ. ತಡವರಿಸಿ ಹೇಳತೊಡಗಿದ. ಏಳತೀನ್ರಿ. ಹಲ್ಲುಪುಡಿ ಹೆಂಡ್ತಿ ಕೈಯಾಗ ಹಾಕ್ತಾಳ್ರಿ. ಗುಂಡಿ ಆಕಿನಽ ಹಾಕ್ತಾಳ, ಲಾಡಿ ಆಕಿನಽ ಕಟ್ಟತಾಳ. ಕೆಲಸಾ ಕೇಳಾಕ ಹೋಗತೀನ್ರಿ. ತಗಡಾ ಹಿಡಿ ಅಂತಾರ, ಜಾರಿ ಬೀಳತೈತಿ. ಚೀಲಾ ಹೊರು ಅಂತಾರ, ಬಲಗೈಗೆ ಹಿಡತಾನಽ ಇಲ್ಲ. ನೀರಡಿಕೆ ಆದ್ರೂ ನೀರ್ ಕುಡಿಯಂಗಿಲ್ರಿ, ನಿಮಗ ಗೊತ್ತಾತಲ್ಲ. ಒಮ್ಮೆ ಬಾಯಿ ಬಿಟ್ಟದ್ದೇ ತಡ, ಮಾತು ನಿಲ್ಲಲಿಲ್ಲ. ಲೋಕಲ್ ರೈಲಿನ ಸರಳು ಬಲಗೈಯಿಂದ ಹಿಡಿಯಲಾಗದೆ ಬಿದ್ದದ್ದು ಬಂತು, ಎಡಗೈಯಲ್ಲಿ ಚೀಲವಿದ್ದಾಗ ಬಿದ್ದ ನಾಲ್ಕಾಣೆಯನ್ನು ಬಲಗೈಯಿಂದ ಎತ್ತಲಾಗದೆ ಅದರ ಮೇಲೆ ಕಾಲಿಟ್ಟು ಯಾರಾದರೂ ಪರಿಚಯದವರು ಬರಲಿ ಅಂತ ಕಾಯ್ದದ್ದು ಬಂತು. ವಕೀಲರೇ ಸಾಕು ಅಂತ ಸನ್ನೆ ಮಾಡಿದರು. ಯಾರು ಕೇಳುತ್ತಾರೆ?

“ಊಟಾ?” ಅಂದರು ಡಾಕ್ಟರು.

ನಬೀಸಾಬ ಪಾಯಜಾಮಾ ಹಿಡಿದಿದ್ದ ಎಡಗೈ ನೋಡಿದ.

“ಎಡಗೈಲೆ ಉಣ್ಣತೀನ್ರಿ,” ಅಂದ, ತಗ್ಗಿದ ದನಿಯಲ್ಲಿ. “ಹೇಸಿಗಿ ಕೈ. ಅನ್ನಕ್ಕ ಹಚ್ಚಬಾರ್ದ್ರಿ. ಹೆಂಡ್ತಿ ಕಣ್ಣಿಗೆ ಅದು ಬೀಳಬಾರ್ದು ಅಂತ… ಗ್ವಾಡಿ ಕಡೆ ಮಾರಿ ಮಾಡಿ ಉಣ್ಣತೀನ್ರಿ.”

ಬಾಗಿಲಲ್ಲಿ ಹಜರತಬಿ ನಿಂತಿದ್ದಳು. ಪಾಯಜಾಮಕ್ಕೆ ಪಿನ್ನು ಬೇಕು ಅಂತ ಮೋನಪ್ಪ ಅವಳನ್ನು ಕರೆತಂದಿದ್ದ. ಪಿನ್ನು ಹಿಡಿದ ಕೈ ಹಾಗೇ ಇತ್ತು.

ಡಾಕ್ಟರು ಬಹಳ ಹೊತ್ತು ಬರೆದರು. ಪಕ್ಕದವರಿಬ್ಬರೂ ಓದಿ ಸಹಿ ಹಾಕಿದರು. ಕೈಯ ದುಡಿಮೆ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಬದುಕಿರುವ ತನಕ ಪಿಂಚಣಿ ಬರುತ್ತದೆ, ಊರಿಗೆ ಹೋಗುವ ಮಾತಿಲ್ಲ ಅಂತ ಚನ್ನಬಸಯ್ಯನವರು ಹೊರಗೆ ಬಂದು ಬಿಡಿಸಿ ಹೇಳಿದರು. ಅಷ್ಟರಲ್ಲಿ ಮೋನಪ್ಪ ಟ್ಯಾಕ್ಸಿ ಕರೆದು, ಸೊಂಟ ಹೇಗಿದೆ ವಕೀಲರೇ ಅಂದ.

“ಸಾಯಾಕತ್ತೀನೋ ನನ್ನಪ್ಪಾ!” ಅಂತ ಇಡೀ ರಸ್ತೆಗೆ ಕೇಳುವಂತೆ ಕೂಗಿ, ಚನ್ನಬಸಯ್ಯನವರು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅಡ್ಡಾದರು.

ದಾರಿಯುದ್ದಕ್ಕೂ ಹಜರತಬಿ ತುಟಿ ಪಿಟ್ ಅನ್ನಲಿಲ್ಲ. ನಬೀಸಾಬನಿಗೆ ಪಿಂಚಣಿಯ ಖುಷಿಗಿಂತ ಅದೇ ದೊಡ್ಡ ಹೆದರಿಕೆಯಾಯಿತು. ಮನೆಗೆ ಬಂದು ರೊಟ್ಟಿ ಬಡಿದಳು, ಬೇಳೆ ಕುದಿಸಿದಳು, ತಾಟು ಹಚ್ಚಿದಳು. ನಬೀಸಾಬ ತಾಟು ಎಳೆದುಕೊಂಡು ಗೋಡೆಯ ಕಡೆ ತಿರುಗಿದ.

ಹಜರತಬಿ ತನ್ನ ತಾಟು ಎತ್ತಿಕೊಂಡು ಬಂದು, ಅವನಿಗೂ ಗೋಡೆಗೂ ನಡುವೆ ಇದ್ದ ಗೇಣು ಜಾಗದಲ್ಲಿ ತೂರಿಕೊಂಡು, ಗೋಡೆಗೆ ಬೆನ್ನು ಹಚ್ಚಿ ಕೂತಳು.

“ಇಷ್ಟ್ ದಿನಾ ನನ್ನ ಕೈಯಡಗಿ ಸೇರವಲ್ದು ಅನಕೊಂಡಿದ್ನೆಲ್ರೀ!” ಅಂದಳು. ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ. “ಬೇಳಿಗೆ ಖಾರಾ ಹೆಚ್ಚ ಹಾಕಿದೆ, ಕಡಿಮಿ ಹಾಕಿದೆ, ಆ ಸೋಮವ್ವನ್ನ ಕೇಳಿ ಬ್ಯಾರೆ ಮಸಾಲಿ ಹಾಕಿದೆ. ಬಾಯಿ ಬಿಟ್ಟು ಒಂದ್ ಮಾತ ಅನ್ನಾಕ ಏನ್ ಧಾಡಿ ಆಗಿತ್ತು?”

ನಬೀಸಾಬ ತಲೆ ತಗ್ಗಿಸಿದ. ಮತ್ತೆ ಎತ್ತಿ ನೋಡಿದರೆ, ಹಜರತಬಿ ತನ್ನ ಎಡಗೈಯನ್ನು ತಾಟಿಗೆ ಇಟ್ಟಿದ್ದಳು. ಎಡಗೈಯೊಂದರಿಂದಲೇ ರೊಟ್ಟಿ ಹರಿಯಲು ಹೆಣಗುತ್ತಿದ್ದಳು. ರೊಟ್ಟಿ ತಾಟಿನ ತುಂಬ ಓಡಾಡಿತು. ಹೇಗೋ ಹರಿದ ಚೂರನ್ನು ಬೇಳೆಯಲ್ಲಿ ಅದ್ದಿ ಎತ್ತಿದರೆ, ಬಾಯಿಗೆ ಮುಟ್ಟುವ ಮೊದಲೇ ಗದ್ದ, ಕುಪ್ಪಸ, ಮಡಿಲು ಎಲ್ಲ ಬೇಳೆ.

“ಏ ಹುಚ್ಚಿ, ಏನ್ ಮಾಡಾಕತ್ತಿ? ನಿನಗೇನಾಗೇತಿ? ಬಲಗೈ ಚೊಲೋ ಐತೆಲ್ಲ!”

“ಸುಮ್ಮನ ಉಣ್ರಿ. ನಾನೂ ಹಿಂಗ ಉಣ್ಣಾಕಿ.” ಮತ್ತೆ ಕೈ ಹಾಕಿದಳು. ರೊಟ್ಟಿ ಮತ್ತೆ ಓಡಿತು.

ನಬೀಸಾಬ ನೋಡುವಷ್ಟು ನೋಡಿದ. ಆಮೇಲೆ ತನ್ನ ತಾಟನ್ನು ಮುಂದಕ್ಕೆ ತಳ್ಳಿ, ಅವಳ ತಾಟಿಗೆ ಹಚ್ಚಿ ಇಟ್ಟ.

“ಹಂಗಲ್ಲ, ಇಲ್ಲಿ ನೋಡು,” ಅಂದ. ಸೆಟೆದ ಬಲಗೈಯನ್ನು ರೊಟ್ಟಿಯ ಮೇಲೆ ಒತ್ತಿ ಹಿಡಿದು, ಎಡಗೈಯಿಂದ ಸಣ್ಣ ಚೂರು ಹರಿದು ತೋರಿಸಿದ.